ಎಡಗೈಯ ಚಹಾಪಾತ್ರೆ

ಮಡಕೆ ಕೊಳ್ಳುವುದು ನಮ್ಮ ಹೆಂಗಸರಿಗೆ ಗೆಣ್ಣಿನ ವಿದ್ಯೆ. ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯ ಗೆಣ್ಣಿನಿಂದ ಒಂದು ತಟ್ಟು ತಟ್ಟಿದರೆ ಪರೀಕ್ಷೆ ಮುಗಿಯಿತು. ‘ಠಣ್’ ಎಂದರೆ ಮನೆಗೆ, ‘ಟಪ್’ ಎಂದರೆ ಕುಂಬಾರನಿಗೇ ವಾಪಸು. ಈ ವಿದ್ಯೆಗೆ ಈಗ ಮೊಬೈಲಿನಿಂದ ಸಂಚಕಾರ ಬಂದಿದೆ. ಜಪಾನಿನ ಯಾವುದೋ ಊರಿನಲ್ಲಿ ಕುಂಬಾರ ಮಾಡಿಟ್ಟ ಪಾತ್ರೆಯನ್ನು ಮೈಸೂರಿನ ಜಗಲಿಯಲ್ಲಿ ಕುಳಿತು ಕೊಳ್ಳುವವನು ತಟ್ಟುವುದಾದರೂ ಎಲ್ಲಿ? ಗಾಜಿನ ಮೇಲೆ ತಟ್ಟಿದರೆ ಚಿತ್ರ ದೊಡ್ಡದಾಗುತ್ತದೆ, ಅಷ್ಟೆ.

ಹೀಗಿದ್ದೂ ನಾನು ಕೊಂಡೆ. ಅದಕ್ಕೆ ಕಾರಣ ನಗೋಯಾದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ. ಆತ ರಜೆಗೆ ಬಂದಾಗ ಗುರುಕಾಣಿಕೆಯೆಂದು ಒಂದು ಪೊಟ್ಟಣ ‘ಸೆಂಚಾ’ ಕೊಟ್ಟು ಹೋದ. ನಮ್ಮದು ಮೂರು ತಲೆಮಾರಿನಿಂದ ಕಾಫಿಯ ಮನೆ. ಹಸಿರು ಬಣ್ಣದ ಆ ನೀರನ್ನು ನೋಡಿ ನನ್ನ ಹೆಂಡತಿ, “ಇದೇನ್ರೀ, ಗರಿಕೆ ನೆನೆಸಿದ ನೀರು!” ಎಂದಳು. ನನಗೋ ಮೂರನೆಯ ಗುಟುಕಿಗೆ ಅದರ ರುಚಿ ಹತ್ತಿತು. ನಮ್ಮ ಕಪ್ಪು ಚಹಾಕ್ಕೆ ಎಲೆಯನ್ನು ಬಾಡಿಸಿ, ಹೊಸೆದು, ಬಣ್ಣ ತಿರುಗಲು ಬಿಡುತ್ತಾರೆ. ಅಲ್ಲಿ ಹಾಗಲ್ಲ. ಕಿತ್ತ ಎಲೆಯನ್ನು ಬೇಗನೆ ಹಬೆಯಲ್ಲಿ ಬೇಯಿಸಿ, ಹಸಿರು ಅಲ್ಲಿಗೇ ನಿಲ್ಲುವಂತೆ ಮಾಡಿ, ಆಮೇಲೆ ಹೊಸೆಯುತ್ತ ಒಣಗಿಸುತ್ತಾರೆ, ಎಲೆ ಸೂಜಿಯಾಗುತ್ತದೆ. ಉಜಿ ಸೀಮೆಯ ನಗತಾನಿ ಸೋಎನ್ ಎಂಬಾತ 1738ರಲ್ಲಿ ಈ ಕ್ರಮವನ್ನು ರೂಢಿಗೆ ತಂದನೆಂದು ಹೇಳುತ್ತಾರೆ. ಇದಕ್ಕೆ ಕುದಿಯುವ ನೀರು ಹುಯ್ಯತಕ್ಕದ್ದಲ್ಲ. 70ರಿಂದ 80 ಡಿಗ್ರಿಗೆ ಆರಿಸಿಕೊಂಡು ಹುಯ್ದರೆ ಎಲೆಯ ಸಿಹಿ ಇಳಿಯುತ್ತದೆ. ಶಾಖ ಏರಿದಂತೆಲ್ಲ ಒಗರು ಏರುತ್ತದೆ. ಸ್ಟ್ರಾಂಗ್ ಕಾಫಿಯನ್ನು ಹೊಗೆಯಾಡುವಾಗಲೇ ಗಂಟಲಿಗೆ ಇಳಿಸುವ ಜನಕ್ಕೆ ಈ ತಾಳ್ಮೆ ಒಗ್ಗುವುದು ಕಷ್ಟವೇ ಸರಿ.

ಕನ್ನಡ ಪಾಠ ಹೇಳುವವನ ಚಪಲವೊಂದನ್ನು ಇಲ್ಲಿ ಓದುಗರು ಸಹಿಸಬೇಕು. ಜಪಾನೀಯರಿಗೂ ಇದು ‘ಚಾ’ವೇ. ಆದರೆ ಮನೆಮಾತಿನಲ್ಲಿ ಅದರ ಹಿಂದೆ ಗೌರವದ ‘ಓ’ಕಾರವೊಂದನ್ನು ಸೇರಿಸಿ ‘ಓಚಾ’ ಎನ್ನುತ್ತಾರೆ. ನಾವು ಬಹುವಚನವನ್ನು ಮಾವನವರಿಗೂ ಮೇಲಧಿಕಾರಿಗಳಿಗೂ ಮೀಸಲಿಟ್ಟುಬಿಟ್ಟಿದ್ದೇವೆ. ಪಾನೀಯವೊಂದನ್ನು ‘ಚಹಾದವರು’ ಎಂದು ಕರೆಯುವ ಭಾಷೆಯ ಮೇಲೆ ನನಗೆ ಆದರ ಹುಟ್ಟಿತು.

ಪೊಟ್ಟಣ ಮುಗಿಯಿತು, ಹುಡುಕಾಟ ಮೊದಲಾಯಿತು. ಚಹಾ ಹುಡುಕಲು ಹೋದವನ ಕಣ್ಣಿಗೆ ಬಿದ್ದದ್ದು ‘ಕ್ಯೂಸು’ ಎಂಬ ಪಾತ್ರೆ. ಇದರ ತವರು ತೊಕೊನಾಮೆ. ನಗೋಯಾದ ದೊಡ್ಡ ವಿಮಾನ ನಿಲ್ದಾಣವಿರುವ ಊರು, ಜಪಾನಿನ ಆರು ಪ್ರಾಚೀನ ಆವಿಗೆಗಳಲ್ಲಿ ಒಂದು. ಅಲ್ಲಿನದು ಕಬ್ಬಿಣದ ಅಂಶವಿರುವ ಮಣ್ಣು, ಸುಟ್ಟರೆ ನಮ್ಮ ಹೆಂಚಿನಂತೆ ಕೆಂಪು. ಆ ಊರಿನ ಮೂರನೆಯ ಯಮದಾ ಜೋಜನ್ ಎಂಬ ಕುಂಬಾರರನ್ನು, ಕ್ಯೂಸು ಮಾಡುವ ಕೈಚಳಕಕ್ಕಾಗಿಯೇ, ಸರ್ಕಾರ 1998ರಲ್ಲಿ ‘ಜೀವಂತ ರಾಷ್ಟ್ರನಿಧಿ’ ಎಂದು ಮನ್ನಿಸಿತು. ಆದರೆ ಅಲ್ಲಿಯೂ ಕಾಲ ಕೆಟ್ಟಿದೆ. 1985ರಲ್ಲಿ ಡಬ್ಬಿಯ ಹಸಿರು ಚಹಾ, 1990ರಲ್ಲಿ ಪ್ಲಾಸ್ಟಿಕ್ ಸೀಸೆಯ ಚಹಾ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಕ್ಯೂಸುವೇ ಇಲ್ಲವಂತೆ. ಕುಂಬಾರರು ಅಂತರ್ಜಾಲದ ಕಿಟಕಿಯಲ್ಲಿ ನಮ್ಮಂಥ ಪರದೇಶಿಗಳ ದಾರಿ ಕಾಯುವುದರಲ್ಲಿ ಆಶ್ಚರ್ಯವಿಲ್ಲ.

ಈ ಪಾತ್ರೆಯ ಹಿಡಿ ಮೂತಿಯ ಎದುರಿಗೆ ಹಿಂಬದಿಯಲ್ಲಿರುವುದಿಲ್ಲ; ಪಕ್ಕದಲ್ಲಿ, ಸೌಟಿನ ಕಾವಿನಂತೆ ಚಾಚಿಕೊಂಡಿರುತ್ತದೆ. ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳನ್ನು ಮುಚ್ಚಳದ ಮೇಲಿಟ್ಟು, ಮಣಿಕಟ್ಟನ್ನು ತುಸು ತಿರುಗಿಸಿದರೆ ಸಾಕು. ಒಡಲು, ಮೂತಿ, ಹಿಡಿ, ಮುಚ್ಚಳ ಇವುಗಳನ್ನು ತಿಗರಿಯ ಮೇಲೆ ಬೇರೆ ಬೇರೆಯಾಗಿ ಎತ್ತಿ, ಮಣ್ಣು ಬಿಗಿದುಕೊಂಡ ಮೇಲೆ ಜೋಡಿಸುತ್ತಾರೆ. ಸುಟ್ಟಾದ ಮೇಲೆ ಮುಚ್ಚಳವನ್ನೂ ಬಾಯನ್ನೂ ನುಣ್ಣನೆಯ ಪುಡಿ ಹಾಕಿ ಒಂದರ ಮೇಲೊಂದು ತೇಯುತ್ತಾರೆ. ಆದಕಾರಣ ಒಂದು ಪಾತ್ರೆಯ ಮುಚ್ಚಳ ಇನ್ನೊಂದಕ್ಕೆ ಸರಿಹೋಗದು. ಮುಚ್ಚಳ ಒಡೆದರೆ ಅಂಗಡಿಯಲ್ಲಿ ಬದಲಿ ಸಿಕ್ಕುವುದಿಲ್ಲ. ಪಾತ್ರೆ ವಿಧುರವಾಯಿತು ಎಂದೇ ಲೆಕ್ಕ.

ಹನ್ನೊಂದು ಚಿತ್ರಗಳನ್ನೂ ನೋಡಿದೆ. ತಳದ ಮುದ್ರೆ, ಒಳಗಿನ ಜರಡಿಯ ಕಿಂಡಿಗಳು, 200 ಮಿಲಿಲೀಟರ್ ಎಂಬ ಅಳತೆ, ಎಲ್ಲ ಆಯಿತು. ಕಡೆಯಲ್ಲಿ ಒಂದು ಪ್ರಶ್ನೆ: ಬಲಗೈಯವರಿಗೋ, ಎಡಗೈಯವರಿಗೋ?

ನನ್ನ ಬೆರಳು ಅಲ್ಲೇ ನಿಂತಿತು. ನನ್ನ ಮಗಳು ಎಡಚಿ. ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷಗಳಿಂದ ದಿನಕ್ಕೆರಡು ಸಲವಾದರೂ ಕೇಳಿಬರುವ ಮಾತು, “ಪುಟ್ಟೀ, ಎಡಗೈ!” ನನ್ನ ತಾಯಿಯವರ ಶಾಸ್ತ್ರದಲ್ಲಿ ಎಡಗೈಯಲ್ಲಿ ಬಡಿಸಿದ್ದು ಬಡಿಸಿದ್ದಲ್ಲ. ಅವಳು ಸೌಟನ್ನು ಬಲಗೈಗೆ ಬದಲಾಯಿಸಿಕೊಳ್ಳುತ್ತಾಳೆ, ಸಾರು ಚೆಲ್ಲುತ್ತದೆ, ಅದಕ್ಕೆ ಇನ್ನೊಂದು ಬೈಗುಳ. ಈಚೆಗೆ ಅವಳು ಬಡಿಸುವುದನ್ನೇ ಬಿಟ್ಟಿದ್ದಳು. ಅಜ್ಜಿ ಮೊಮ್ಮಗಳ ಈ ವ್ಯಾಜ್ಯದಲ್ಲಿ ತೀರ್ಪು ಕೊಡುವ ಅಧಿಕಾರ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಬಲಗೈಯವರ ಕ್ಯೂಸುವನ್ನು ಎಡಗೈಯಲ್ಲಿ ಹಿಡಿದರೆ ಮೂತಿ ಹೊರಗಡೆಗೆ ತಿರುಗುತ್ತದೆ. ಬಗ್ಗಿಸಲು ಮಣಿಕಟ್ಟನ್ನು ತಿರುಚಬೇಕು. ಅಚ್ಚಿನ ಪಾತ್ರೆಯಾದರೆ ಎಡಚರಿಗೆ ಬೇರೆ ಅಚ್ಚೇ ಆಗಬೇಕು. ಕೈಯಲ್ಲಿ ಮಾಡುವವನಿಗೆ ಹಿಡಿಯನ್ನು ಆ ಪಕ್ಕ ಬಿಟ್ಟು ಈ ಪಕ್ಕ ಅಂಟಿಸಿದರಾಯಿತು. ಕೇಳುವ ಮನಸ್ಸು ಬೇಕು, ಅಷ್ಟೆ. ಎಂದೂ ಕಾಣದ ಕುಂಬಾರನೊಬ್ಬ ನಮ್ಮ ಮನೆಯ ಕೈಯ ವಿಚಾರ ಕೇಳುತ್ತಿದ್ದ. ‘ಎಡಗೈ’ ಎಂದು ಒತ್ತಿದೆ.

ಬೆಲೆಯನ್ನು ಬರೆಯುವುದಿಲ್ಲ, ನನ್ನ ಹೆಂಡತಿಯೂ ಈ ಪುರವಣಿಯನ್ನು ಓದುತ್ತಾಳೆ. ಪಾರ್ಸೆಲು ಸುಂಕದ ಕಟ್ಟೆಯಲ್ಲಿ ಹತ್ತು ದಿನ ಕುಳಿತಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆಂಬುದನ್ನು ನಮ್ಮ ಹಿರಿಯರು ಮೊದಲೇ ಗಾದೆ ಮಾಡಿಟ್ಟಿದ್ದಾರೆ. ಹೇಳಿದಷ್ಟು ಕಟ್ಟಿ ಬಿಡಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಪುಟ್ಟಿ ನೀರು ಆರಿಸಿ, ಎಲೆ ಹಾಕಿ, ಒಂದು ನಿಮಿಷ ಕಾದು, ಮೂರು ಪುಟ್ಟ ಬಟ್ಟಲುಗಳಿಗೆ ಬಗ್ಗಿಸಿದಳು. ಒಂದನ್ನು ತುಂಬಿಸಿ ಇನ್ನೊಂದಕ್ಕೆ ಹೋಗುವುದಲ್ಲ. ಮೂರಕ್ಕೂ ಸ್ವಲ್ಪ ಸ್ವಲ್ಪವಾಗಿ ಸುತ್ತು ಬರುವುದು, ತಿಳಿಯೂ ಗಟ್ಟಿಯೂ ಎಲ್ಲರಿಗೂ ಸಮನಾಗಿ ಬರಲೆಂದು. ಪಂಕ್ತಿಭೇದವಿಲ್ಲ. ಕಡೆಯ ಹನಿಯಲ್ಲೇ ಸಾರವಿರುವುದೆಂದು ಅದನ್ನೂ ಬಿಡದೆ ಇಳಿಸಿದಳು. ಹೊರಗೆ ಒಂದು ತೊಟ್ಟು ಚೆಲ್ಲಲಿಲ್ಲ.

ತಾಯಿಯವರು ಅವಳ ಕೈಯನ್ನೂ ನೋಡಿದರು, ಪಾತ್ರೆಯನ್ನೂ ನೋಡಿದರು.

“ಇದರ ಹಿಡಿ ಇರೋದೇ ಆ ಕಡೆಗಲ್ಲವೇನೋ?”

“ಹೌದಮ್ಮ. ಹಾಗೇ ಮಾಡಿಸಿದ್ದು.”

“ಮತ್ತೆ, ಅವಳು ತಾನೆ ಏನು ಮಾಡ್ತಾಳೆ!” ಎಂದು ಬಟ್ಟಲನ್ನು ತೆಗೆದುಕೊಂಡರು. ಒಂದು ಗುಟುಕು ಕುಡಿದು ಮುಖ ಕಿವಿಚಿದರು. “ಸಕ್ಕರೆ ಹಾಕೋದು ಮರೆತ್ಯೇನೇ?”

“ಇದಕ್ಕೆ ಹಾಕೋಲ್ಲ ಅಜ್ಜಿ. ಇರು, ಎರಡನೇ ಸಲದ್ದು ಬೇರೆ ಥರ ಇರತ್ತೆ” ಎಂದು ಪುಟ್ಟಿ ಬಿಸಿನೀರು ತರಲು ಒಳಕ್ಕೆ ಹೋದಳು.