ಕೊಡೆ ಹಿಡಿದ ಹುಡುಗ, ಹೋರಿ ಇರಿದ ದೇವರು

ಮೊನ್ನೆ ಮೊಮ್ಮಗಳ ಜೊತೆ ಕೊಂಡಪಲ್ಲಿಗೆ ಹೋಗಿದ್ದೆ. ವಿಜಯವಾಡಕ್ಕೆ ಬಂದು 32 ವರ್ಷವಾದರೂ ದಸರೆ ಹತ್ತಿರ ಬಂತೆಂದರೆ ನನಗೆ ಗೊಂಬೆ ಕೂರಿಸುವ ಚಿಂತೆ. ಪೊಣಿಕಿ ಮರದ ದಶಾವತಾರ ನೋಡುತ್ತಿದ್ದಾಗ ಅವಳು ವಾಮನನನ್ನು ಎತ್ತಿಕೊಂಡು, "ತಾತ, ಈ ಹುಡುಗ ಕೊಡೆ ಯಾಕೆ ಹಿಡ್ಕೊಂಡಿದಾನೆ? ಮಳೆ ಬರ್ತಿತ್ತಾ?" ಅಂದಳು.

ನಗು ಬಂತು. ಹಿಂದೆಯೇ ಲಂಡನ್ನಿನ ಮಿತ್ರಾಸ್ ನೆನಪಾದ.

ಹಿಂದೊಮ್ಮೆ ಮಗನ ಮನೆಗೆ ಹೋದಾಗ ಈ ರೋಮನ್ ದೇವರ ಗುಡಿ ನೋಡಿದ್ದೆ. ಯುದ್ಧದಲ್ಲಿ ಬಾಂಬು ಬಿದ್ದ ಜಾಗವನ್ನು ಅಗೆಯುವಾಗ, 1954ರಲ್ಲಿ ದೇವರ ಅಮೃತಶಿಲೆಯ ತಲೆ ಸಿಕ್ಕಿತಂತೆ. ನೋಡಲು ಸಾವಿರಾರು ಜನ ಸಾಲುಗಟ್ಟಿದ್ದರಂತೆ. ಬೇರೆಡೆ ಸಾಗಿಸಿದ್ದ ಗುಡಿಯನ್ನು 2017ರಲ್ಲಿ ಬ್ಲೂಮ್‌ಬರ್ಗ್ ಕಟ್ಟಡದ ಕೆಳಗೆ, ಸುಮಾರು 7 ಮೀಟರ್ ಆಳದಲ್ಲಿ, ಮತ್ತೆ ಜೋಡಿಸಿ ತೆರೆದಿದ್ದಾರೆ.

ಸೈನಿಕರು, ವರ್ತಕರು, ಗುಲಾಮರು ಪೂಜಿಸಿದ ದೇವರು ಇವನು. ರೋಮ್ ಬಳಿಯ ಓಸ್ತಿಯಾ ಎಂಬ ಒಂದೇ ಬಂದರಿನಲ್ಲಿ ಇವನಿಗೆ 15ಕ್ಕೂ ಹೆಚ್ಚು ಗುಡಿಗಳು! ಗುಹೆಯಂಥ ಕತ್ತಲ ಕೋಣೆ, ಎರಡೂ ಬದಿಗೆ ಊಟಕ್ಕೆ ಒರಗುವ ಜಗಲಿ, ಎದುರಿಗೆ ಅದೇ ಚಿತ್ರ: ಟೋಪಿ ತೊಟ್ಟ ತರುಣ ಹೋರಿಯ ಮೇಲೆ ಮಂಡಿಯೂರಿ ಕತ್ತಿ ಇರಿಯುತ್ತಿದ್ದಾನೆ. ಸುತ್ತ ನಾಯಿ, ಹಾವು, ಚೇಳು, ಕಾಗೆ. ಕೆಲವು ಕಡೆ ಹೋರಿಯ ಬಾಲದ ತುದಿಯಲ್ಲಿ ಗೋಧಿ ತೆನೆ. ಬೆಲ್ಜಿಯಂನ ಟೀನೆನ್‌ನಲ್ಲಿ ಗುಡಿಯ ಪಕ್ಕದ ಗುಂಡಿಗಳಲ್ಲಿ ನೂರಾರು ಕೋಳಿಗಳ ಮೂಳೆ ಸಿಕ್ಕಿವೆ... ನಮ್ಮೂರ ಮಾರಿಹಬ್ಬದ ಮರುದಿನದ ಹಾಗೆ.

ಕಥೆ ಮಾತ್ರ ಉಳಿದಿಲ್ಲ. ದೀಕ್ಷೆ ಪಡೆದವರ ಗುಟ್ಟು ಅವರೊಂದಿಗೇ ಹೋಯಿತು. ಹೆಸರೇನೋ ನಮ್ಮ ಋಗ್ವೇದದ ಮಿತ್ರನ ಬಳಗದ್ದು, ಪರ್ಷಿಯಾದ ಕಡೆಯಿಂದ ಹೋದದ್ದು. ಆ ನಂಟು ಹಿಡಿದು ಹೊರಟರೂ ಚೇಳು ಯಾಕೆಂದು ತಿಳಿಯದು. ಅದೆಲ್ಲ ನಕ್ಷತ್ರಗಳ ನಕ್ಷೆ ಎನ್ನುವ ವಿದ್ವಾಂಸರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಮೊಮ್ಮಗಳ ಹಾಗೆ ಅವರೂ "ಮಳೆ ಬರ್ತಿತ್ತಾ?" ಎಂದು ಕೇಳುತ್ತಿದ್ದಾರೆ ಅಷ್ಟೆ.

ಕಲ್ಲಿಗೇ ಈ ಗತಿಯಾದರೆ ಪೊಣಿಕಿ ಮರದ ಪಾಡೇನು? ಪ್ರತಿ ವರ್ಷ ಗೊಂಬೆ ಕೊಂಡೆ, ಕೂರಿಸಿದೆ. ಕಥೆ ಹೇಳಲೇ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಬಲಿ ಚಕ್ರವರ್ತಿಯ ಕಥೆ ಹೇಳಿದೆ, ಕನ್ನಡದಲ್ಲೇ. ಮೂರನೇ ಹೆಜ್ಜೆಗೆ ಬರುವಷ್ಟರಲ್ಲಿ ಗೊಲ್ಲಪೂಡಿ ದಾಟಿತ್ತು. ಬ್ರಹ್ಮಚಾರಿಗಳು ಕೊಡೆ ಹಿಡಿಯುತ್ತಿದ್ದರು ಅಂದೆ. ಆದರೆ ಅಮ್ಮ ಆ ಕೊಡೆಗೇ ಬೇರೆ ಒಂದು ಕಥೆ ಕಟ್ಟಿ ಹೇಳುತ್ತಿದ್ದಳು. ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ.