ಹೊಳೆಯ ದಂಡೆಗೆ ಅಂಟಿದ ಹೆಸರು

ರವಿ ಬೆಳಗೆರೆಯವರನ್ನು ಓದಿಕೊಂಡು ಬೆಳೆದ ತಲೆಮಾರು ನಮ್ಮದು. ಅವರನ್ನು ಹೊಗಳುತ್ತಿದ್ದವರೂ ಓದುತ್ತಿದ್ದರು, ಬೈಯುತ್ತಿದ್ದವರು ಇನ್ನೂ ಹೆಚ್ಚು ಓದುತ್ತಿದ್ದರು. 2020ರ ನವೆಂಬರ್ 13ರಂದು ಅವರು ತೀರಿಕೊಂಡಾಗ ಅವರ ಗದ್ಯದ ಬಗ್ಗೆ, ದನಿಯ ಬಗ್ಗೆ, ಗೆಳೆತನ ಮತ್ತು ಜಗಳಗಳ ಬಗ್ಗೆ ಸಾಕಷ್ಟು ಬರಹಗಳು ಬಂದವು. ಇಂಡಿ, ಸಿಂದಗಿ ಕಡೆಯ ಜನಕ್ಕೆ ಅವರ ಬರವಣಿಗೆಯಿಂದ ಸಿಕ್ಕಿದ್ದೇನು ಎಂಬ ಮಾತು ಮಾತ್ರ ನಾವು ಓದಿದ ಯಾವ ಬರಹದಲ್ಲೂ ಇರಲಿಲ್ಲ. ಬೆಂಗಳೂರಿನವರಿಗೆ ಅದು ಹೊಳೆಯುವ ಸಂಗತಿಯೂ ಅಲ್ಲ. ಹೇಳುವುದಿದ್ದರೆ ನಾವೇ ಹೇಳಬೇಕು.

1958ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ಬೆಳಗೆರೆ ಮೊದಲು ಇತಿಹಾಸದ ಉಪನ್ಯಾಸಕರಾಗಿದ್ದವರು. ಆಮೇಲೆ ಪತ್ರಿಕೆಗೆ ಬಂದರು. 'ಕರ್ಮವೀರ'ದಲ್ಲಿ ಬೆಂಗಳೂರಿನ ರೌಡಿಗಳ ಬಗ್ಗೆ ಬರೆದ 'ಪಾಪಿಗಳ ಲೋಕದಲ್ಲಿ' ಅವರಿಗೆ ಹೆಸರು ತಂದಿತು. 1995ರಲ್ಲಿ 'ಹಾಯ್ ಬೆಂಗಳೂರ್!' ಶುರುವಾಯಿತು. ಅದುವರೆಗೆ ಕನ್ನಡ ಪತ್ರಿಕೆಗಳಲ್ಲಿ ಕೊಲೆಯೆಂದರೆ ಒಳಪುಟದ ನಾಲ್ಕು ಸಾಲು: ಇಂಥ ಊರಿನಲ್ಲಿ ಇಂಥವನು ಕೊಲೆಯಾಗಿದ್ದಾನೆ, ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ. ಬೆಳಗೆರೆ ಆ ನಾಲ್ಕು ಸಾಲನ್ನು ಕಥೆ ಮಾಡಿದರು. ಕೊಂದವನ ತಾಯಿಯ ಹತ್ತಿರ ಹೋಗಿ ಕೂತರು. ಸತ್ತವನ ಹೆಂಡತಿಯ ಮಾತು ಕೇಳಿಸಿಕೊಂಡರು. ಟಿ.ವಿ.ಯ 'ಕ್ರೈಂ ಡೈರಿ' ಬಂದ ಮೇಲಂತೂ ಪತ್ರಿಕೆ ಮುಟ್ಟದವರ ಮನೆಯೊಳಗೂ ಅವರ ದನಿ ಬಂದು ಕುಳಿತಿತು. ಕನ್ನಡದಲ್ಲಿ ಅಪರಾಧವನ್ನೇ ಬದುಕಿನ ವಸ್ತು ಮಾಡಿಕೊಂಡು ಬರೆದವರಲ್ಲಿ ಇಷ್ಟು ಓದುಗರನ್ನು ಗಳಿಸಿದವರು ಇನ್ನೊಬ್ಬರಿದ್ದರೆ ಅದು ಎನ್. ನರಸಿಂಹಯ್ಯನವರು ಮಾತ್ರ.

ನರಸಿಂಹಯ್ಯನವರ ಮಾತು ಬಂದಿತಲ್ಲ, ಒಂದು ಗಳಿಗೆ ಅಲ್ಲಿ ನಿಲ್ಲಬೇಕು. ನಾಲ್ಕನೇ ಇಯತ್ತೆಯವರೆಗೆ ಮಾತ್ರ ಓದಿದ್ದ ಈ ಮನುಷ್ಯ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು 2011ರಲ್ಲಿ ಕಣ್ಣು ಮುಚ್ಚಿದರು. ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಆಮೇಲೆ ಕನ್ನಡ ಶಾಲೆಗೆ ಬಂದ ನಮಗೆ ಕನ್ನಡ ಸರಾಗವಾಗಿ ಓದುವ ರೂಢಿಯಾದದ್ದು ಪಠ್ಯಪುಸ್ತಕದಿಂದಲ್ಲ, ಅವರ ಪುರುಷೋತ್ತಮ, ಮಧುಸೂದನ, ಅರಿಂಜಯರ ಬೆನ್ನು ಹತ್ತಿ. ಹೊದಿಕೆ ಹರಿದ, ಕೊನೆಯ ಪುಟವೇ ಇಲ್ಲದ ಪ್ರತಿಗಳು. ಕೊಲೆಗಾರ ಯಾರೆಂದು ಇವತ್ತಿಗೂ ಗೊತ್ತಿಲ್ಲದ ಎರಡು ಮೂರು ಕಾದಂಬರಿಗಳು ನಮ್ಮ ತಲೆಯಲ್ಲಿವೆ. ಮನೆಯಲ್ಲಿ ಮಾಮೂ ಅವರ ಟ್ರಂಕಿನಲ್ಲಿ ಇಬ್ನೆ ಸಫಿ ಇದ್ದರು. 1952ರಲ್ಲಿ ಅಲಹಾಬಾದಿನಿಂದ ಶುರುವಾದ 'ಜಾಸೂಸಿ ದುನಿಯಾ'ದ ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್. ಅದೇ ವರ್ಷ ಇಬ್ನೆ ಸಫಿ ಪಾಕಿಸ್ತಾನಕ್ಕೆ ಹೋದರು, 1980ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ಗಡಿಯ ಎರಡೂ ಕಡೆ ಅವರನ್ನು ಓದುವುದು ನಿಲ್ಲಲಿಲ್ಲ. ಮಾಮೂ ಅವರ ಕೈಯಿಂದ ಆ ಪುಸ್ತಕ ಕಸಿದುಕೊಳ್ಳುವುದು ಮಾಮಿಗೂ ಆಗುತ್ತಿರಲಿಲ್ಲ.

ಈ ಇಬ್ಬರ ಕೊಲೆಗಳೂ ನಮಗೆ ಅಂಜಿಕೆ ತರುತ್ತಿರಲಿಲ್ಲ. ಅವು ನಮ್ಮೂರಿನಲ್ಲಿ ಆಗುತ್ತಿರಲಿಲ್ಲವಲ್ಲ. ಬಂಗಲೆ, ಟೆಲಿಫೋನು, ಕಾರು ಇರುವ ಎಲ್ಲೋ ದೂರದ ಪಟ್ಟಣದಲ್ಲಿ ಆಗುತ್ತಿದ್ದವು. ಕೊಲೆಗಾರನಿಗೆ ಹೆಸರಿರುತ್ತಿತ್ತು, ಅವನ ಊರಿನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ.

ಬೆಳಗೆರೆಯವರ 'ಭೀಮಾ ತೀರದ ಹಂತಕರು' ಬಂದಾಗ ಮೊದಲ ಬಾರಿಗೆ ಊರಿನ ಹೆಸರು ಬಂತು. ಅದೂ ನಮ್ಮದು. ಮನೆತನಗಳ ನಡುವಿನ ಹಗೆ, ಹೊಲದ ಬದುವಿನ ಜಗಳ, ಕೊಲೆಗೆ ಕೊಲೆ, ಮಧ್ಯಪ್ರದೇಶದ ಕಡೆಯಿಂದ ಬರುವ ನಾಡಪಿಸ್ತೂಲು, ಕೊನೆಗೆ ಪೊಲೀಸರ ಗುಂಡು. ಇದೆಲ್ಲ ಸುಳ್ಳೇ? ಅಲ್ಲ. ಇಂಡಿ ತಾಲೂಕಿನ ಹೊಳೆಸಾಲಿನ ಹಳ್ಳಿಗಳಲ್ಲಿ ಇವು ನಡೆದಿವೆ. ಸಂಜೆಯಾದ ಮೇಲೆ ಕೆಲವು ದಾರಿ ಹಿಡಿಯಬೇಡ ಎಂದು ನಮಗೆ ಹೇಳುತ್ತಿದ್ದ ಹಿರಿಯರು ಯಾವ ಪತ್ರಿಕೆಯನ್ನೂ ಓದಿದವರಲ್ಲ. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಆ ಪತ್ರಿಕೆ, ಆ ಪುಸ್ತಕ ಕೈಯಿಂದ ಕೈಗೆ ಹೋಗುತ್ತಿದ್ದುದನ್ನು ನೋಡಿದ್ದೇವೆ. ನಾವೂ ಸರದಿಯಲ್ಲಿ ಕಾದು ಓದಿದ್ದೇವೆ, ಒಂದೇ ರಾತ್ರಿಯಲ್ಲಿ. ನಮಗೆ ಗೊತ್ತಿದ್ದ ಊರುಗಳು ಅಚ್ಚಿನಲ್ಲಿ ಬಂದದ್ದಕ್ಕೆ ಒಂದು ಬಗೆಯ ಹಿಗ್ಗೂ ಆಗಿತ್ತು.

ತಕರಾರಿರುವುದು ಒಳಗಿನ ಪುಟಗಳ ಬಗ್ಗೆ ಅಲ್ಲ, ಹೊದಿಕೆಯ ಬಗ್ಗೆ. ಪುಸ್ತಕ ಓದಿದವರು ಸಾವಿರ ಇದ್ದರೆ ಅದರ ಹೆಸರು ಕೇಳಿದವರು ಲಕ್ಷ. ಓದಿದವನಿಗೆ ಇಂಥ ಮನೆತನ, ಇಂಥ ಕಾರಣ ಎಂದಾದರೂ ತಿಳಿಯುತ್ತದೆ. ಕೇಳಿದವನಿಗೆ ಉಳಿಯುವುದು ಎರಡೇ ಪದ, ಭೀಮಾತೀರ ಮತ್ತು ಹಂತಕ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ನಮಗೆ ಇದರ ರುಚಿ ಸಿಕ್ಕಿತು. ಮನೆಯ ಯಜಮಾನರು ಮೊದಲು ಹೆಸರು ಕೇಳಿದರು. ಸ್ವಲ್ಪ ಸುಮ್ಮನಾದರು. ಆಮೇಲೆ ಊರು ಕೇಳಿದರು. "ಓಹೋ, ಭೀಮಾತೀರದವರಾ? ಅಲ್ಲಿ ಎಲ್ಲರ ಸೊಂಟದಲ್ಲೂ ಪಿಸ್ತೂಲ್ ಇರುತ್ತಂತಲ್ಲ ಸಾರ್?" ಎಂದು ನಕ್ಕರು. ಆ ಮನೆ ಸಿಗದೇ ಹೋದದ್ದು ಹೆಸರಿಗೋ ಊರಿಗೋ ಎಂದು ನಮ್ಮ ಮನೆಯವರು ಇವತ್ತಿಗೂ ತಮಾಷೆ ಮಾಡುತ್ತಾರೆ.

ಮುದ್ದೇಬಿಹಾಳದ ನಮ್ಮ ಗೆಳೆಯರೊಬ್ಬರ ಪಾಡು ಇನ್ನೂ ವಿಚಿತ್ರ. ಅವರ ತಾಲೂಕಿಗೆ ಹೊಂದಿ ಹರಿಯುವುದು ಕೃಷ್ಣೆ. ಭೀಮೆಯನ್ನು ನೋಡಬೇಕೆಂದರೆ ಅವರು ಬಸ್ಸಿನಲ್ಲೇ ಅರ್ಧ ದಿನ ಕಳೆಯಬೇಕು. ಆದರೂ ಬೆಂಗಳೂರಿನ ಕಚೇರಿಯಲ್ಲಿ ಅವರೂ 'ಭೀಮಾತೀರ'ವೇ. ಬಸವನ ಬಾಗೇವಾಡಿಯವರನ್ನೂ ಬಿಟ್ಟಿಲ್ಲ. ಬಸವಣ್ಣ ಹುಟ್ಟಿದ ಊರಿನವನಪ್ಪ ಎಂದರೂ ಕೇಳುವವರಿಲ್ಲ. ಬಾಗೇವಾಡಿ ಕಡೆಯ ಊರುಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದವಲ್ಲ, ಅದರ ಬಗ್ಗೆ ಮನೆಮಾತಾಗುವಂಥ ಹೆಸರನ್ನು ಯಾರೂ ಕಟ್ಟಲಿಲ್ಲ. ಹಾಗೆ ಕಟ್ಟಿದ್ದರೆ ಬಾಡಿಗೆ ಮನೆ ಕೇಳಲು ಹೋದ ಬಾಗೇವಾಡಿಯವನಿಗೆ "ಪಾಪ, ಮುಳುಗಡೆಯವರಾ?" ಎಂಬ ಮಾತಾದರೂ ಸಿಗುತ್ತಿತ್ತೇನೋ.

ಇದೇ ಭೀಮೆಯ ಬಗಲಿನ ಹಲಸಂಗಿಯಲ್ಲಿ, ಆಗ ಇಂಡಿ ತಾಲೂಕಿನಲ್ಲಿದ್ದ ಊರು ಅದು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಸೇರಿ ಹೆಂಗಸರ ಬೀಸುವ ಹಾಡು, ಕುಟ್ಟುವ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿದರು. ಕನ್ನಡ ಜಾನಪದದ ಮಾತೆತ್ತಿದವರು ಹಲಸಂಗಿ ಗೆಳೆಯರನ್ನು ದಾಟಿ ಹೋಗುವಂತಿಲ್ಲ. ಆದರೆ ನಮ್ಮನ್ನು ನೋಡಿ "ಓಹೋ, ಗರತಿಯ ಹಾಡಿನ ದಂಡೆಯವರಾ?" ಎಂದು ಯಾರೂ ಕೇಳಿದ್ದಿಲ್ಲ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಅದನ್ನಾದರೂ ಕೇಳಬಹುದಿತ್ತು. ಕೊಲೆಯ ಹೆಸರು ಓಡುವಷ್ಟು ಜೋರಾಗಿ ಲಿಂಬೆಯ ಹೆಸರು ಓಡುವುದಿಲ್ಲ.

ಈ ಯೋಚನೆಯಲ್ಲಿದ್ದಾಗಲೇ ಸ್ವೀಡನ್ನಿನ ಹೆನ್ನಿಂಗ್ ಮ್ಯಾಂಕೆಲ್ ಅವರನ್ನು ಇಂಗ್ಲಿಷಿನಲ್ಲಿ ಓದಿದೆವು. 1948ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಲೇಖಕ. ವರ್ಷದ ಒಂದು ಭಾಗ ಆಫ್ರಿಕಾದ ಮೊಜಾಂಬಿಕ್‌ನಲ್ಲಿದ್ದು ನಾಟಕ ಆಡಿಸುತ್ತಿದ್ದವರು. ಕುರ್ಟ್ ವಾಲಾಂಡರ್ ಎಂಬ ದಣಿದ, ಸಕ್ಕರೆ ಕಾಯಿಲೆಯ ಪೊಲೀಸ್ ಅಧಿಕಾರಿಯನ್ನು ಸೃಷ್ಟಿಸಿ, ದಕ್ಷಿಣ ಸ್ವೀಡನ್ನಿನ ಈಸ್ಟಾಡ್ ಎಂಬ ಸಣ್ಣ ಸಮುದ್ರದಂಡೆಯ ಪಟ್ಟಣದಲ್ಲಿ ಅವನನ್ನು ಇಟ್ಟರು. ಆ ಪಟ್ಟಣದ ಮೇಲೆ ಅವರು ಹೊರಿಸಿದ ಕೊಲೆಗಳಿಗೆ ಲೆಕ್ಕವಿಲ್ಲ. ಆದರೆ ಆ ಊರು ಕೆಡಲಿಲ್ಲ. ವಾಲಾಂಡರ್ ಓಡಾಡಿದ ಬೀದಿ ನೋಡಲೆಂದೇ ದೇಶ ದೇಶದಿಂದ ಪ್ರವಾಸಿಗರು ಬರತೊಡಗಿದರು. ಕಟ್ಟುಕತೆಯ ಕೊಲೆಗಳಿಂದ ಅವರ ಊರು ಬೆಳಗಿತು. ನಿಜವಾದ ಕೊಲೆಗಳಿಂದ ನಮಗೆ ಬಂದದ್ದನ್ನು ಮೇಲೆ ಹೇಳಿದ್ದೇವೆ.

1991ರಲ್ಲಿ ಬಂದ ವಾಲಾಂಡರ್‌ನ ಮೊದಲ ಕಾದಂಬರಿಯ ಹೆಸರನ್ನು 'ಮುಖವಿಲ್ಲದ ಕೊಲೆಗಾರರು' ಎನ್ನಬಹುದು. ಹೊಲದ ಮನೆಯೊಂದರಲ್ಲಿ ಮುದುಕ ಗಂಡ ಹೆಂಡತಿಯ ಕೊಲೆಯಾಗುತ್ತದೆ. ಸಾಯುವ ಮುಂಚೆ ಆ ಅಜ್ಜಿಯ ಬಾಯಿಂದ ಬಿದ್ದದ್ದು 'ವಿದೇಶಿ' ಎಂಬ ಒಂದೇ ಮಾತು. ಆ ಮಾತು ಹೊರಗೆ ಸೋರುತ್ತದೆ. ನಿರಾಶ್ರಿತರ ಶಿಬಿರಕ್ಕೆ ಬೆಂಕಿ ಬೀಳುತ್ತದೆ, ಏನೂ ಅರಿಯದ ಸೊಮಾಲಿಯಾದವನೊಬ್ಬ ಗುಂಡಿಗೆ ಬಲಿಯಾಗುತ್ತಾನೆ. ಒಂದು ಪದ ಎಷ್ಟು ದೂರ ಹೋಗಿ ಯಾರಿಗೆ ತಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪತ್ತೇದಾರಿ ಕಾದಂಬರಿಯನ್ನು ನಾವು ಬೇರೆ ಓದಿಲ್ಲ. ತಮ್ಮ ದೇಶದಲ್ಲಿ ಏಳುತ್ತಿದ್ದ ಜನಾಂಗದ್ವೇಷದ ಬಗ್ಗೆ ಬರೆಯಲೆಂದೇ ಮ್ಯಾಂಕೆಲ್ ಅಪರಾಧದ ಕಥೆಯನ್ನು ಆರಿಸಿಕೊಂಡರಂತೆ. ಬೆಳಗೆರೆಯವರಲ್ಲಿ ಈ ಶಕ್ತಿ ಇರಲಿಲ್ಲವೆಂದು ನಾವು ಹೇಳಲಾರೆವು. ಮ್ಯಾಂಕೆಲ್‌ಗಿಂತ ಹೆಚ್ಚು ಹತ್ತಿರದಿಂದ ಕೊಲೆಗಾರರನ್ನು ಕಂಡವರು ಅವರು. ಅವರಿಗೆ ವಾರ ವಾರ ಪತ್ರಿಕೆ ತುಂಬಿಸಬೇಕಿತ್ತು, ಮಾರಬೇಕಿತ್ತು. ತಲೆಬರಹಕ್ಕೆ ಕೈ ಓಡುವ ವೇಗದಲ್ಲಿ ಮನಸ್ಸು ಓಡಲಿಲ್ಲ ಎಂಬುದು ನಮ್ಮ ಅನಿಸಿಕೆ.

2012ರಲ್ಲಿ 'ಭೀಮಾ ತೀರದಲ್ಲಿ' ಸಿನಿಮಾ ಬಂತು. ಆ ಕಥೆ ಯಾರದೆಂದು ಬೆಳಗೆರೆಯವರಿಗೂ ಚಿತ್ರತಂಡಕ್ಕೂ ದೊಡ್ಡ ಜಗಳವೇ ಆಯಿತು. ಕಥೆ ಹೊಳೆಯ ದಂಡೆಯ ಜನರದು ಎಂಬ ಮಾತು ಆ ಗದ್ದಲದಲ್ಲಿ ಕೇಳಿಸಲಿಲ್ಲ. 2017ರ ಡಿಸೆಂಬರಿನಲ್ಲಿ, ಹಿಂದಿನ ಸಹೋದ್ಯೋಗಿಯೊಬ್ಬರ ಕೊಲೆಗೆ ಸುಪಾರಿ ಕೊಟ್ಟ ಆರೋಪದ ಮೇಲೆ ಪೊಲೀಸರು ಬೆಳಗೆರೆಯವರನ್ನೇ ಬಂಧಿಸಿದರು. ಅವರು ಆರೋಪವನ್ನು ಅಲ್ಲಗಳೆದರು, ಜಾಮೀನೂ ಸಿಕ್ಕಿತು. ಅದರ ಸರಿತಪ್ಪು ನಮ್ಮ ವಿಷಯವಲ್ಲ. ಅದೇ ಪ್ರಕರಣದಲ್ಲಿ ಹೆಸರು ಕೇಳಿಬಂದ ಒಬ್ಬ ನಮ್ಮ ಜಿಲ್ಲೆಯವನಾಗಿದ್ದ. ಸುದ್ದಿಗಳಲ್ಲಿ ಅವನಿಗೆ ಸಿಕ್ಕ ವಿಶೇಷಣ ಬೆಳಗೆರೆಯವರೇ ಜನಪ್ರಿಯಗೊಳಿಸಿದ ಆ ಎರಡು ಪದಗಳು.

ಇನ್ನೊಂದು ಕೊಲೆಯ ಮಾತು ಇಲ್ಲಿ ಬರಲೇಬೇಕು. ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲೂಕಿನ ಯರಗಲ್ಲಿನ ಮನೆತನದವರು. ಭೀಮೆಯ ನಾಡಿನವರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಗೇ ಬಂದು ಗುಂಡು ಹೊಡೆದು ಹೋದರು. ತನಿಖಾ ತಂಡ ಆರೋಪಪಟ್ಟಿ ಸಲ್ಲಿಸುವ ಹೊತ್ತಿಗೆ 2019 ಬಂದಿತ್ತು. ಆರೋಪಿಗಳ ಊರುಗಳೂ ಅಚ್ಚಾದವು. ಆ ಊರುಗಳಿಗಾಗಲಿ, ಅಲ್ಲಿಯ ಹೊಳೆಗಳಿಗಾಗಲಿ ಯಾರೂ ಹೊಸ ಹೆಸರಿಡಲಿಲ್ಲ. ಇಡಬೇಕಿತ್ತು ಎಂದು ನಾವು ಹೇಳುತ್ತಿಲ್ಲ. ಇಡದಿದ್ದದ್ದೇ ಸರಿ. ಆ ಮರ್ಯಾದೆ ನಮಗೂ ಸಲ್ಲಬೇಕಿತ್ತು.

ಈಗ ನಮ್ಮ ಹುಡುಗರೇ ಆ ಹೆಸರನ್ನು ಎತ್ತಿಕೊಂಡಿದ್ದಾರೆ. ಬೈಕಿನ ಹಿಂದೆ, ಟಂಟಂ ಗಾಡಿಯ ಗಾಜಿನ ಮೇಲೆ 'ಭೀಮಾತೀರ' ಎಂದು ದಪ್ಪ ಅಕ್ಷರದಲ್ಲಿ ಬರೆಸುತ್ತಾರೆ, ಪಕ್ಕದಲ್ಲಿ ಮೀಸೆಯ ಚಿತ್ರ. ಅವರಲ್ಲಿ ಬೆಳಗೆರೆಯವರನ್ನು ಓದಿದವರು ಎಷ್ಟೋ ದೇವರಿಗೇ ಗೊತ್ತು.

ಕೆಲವು ವರ್ಷಗಳ ಹಿಂದೆ ಸಂಪಾದಕರೊಬ್ಬರು "ನಿಮ್ಮ ಕಡೆಯ ಒಂದು ಖಡಕ್ ಕಥೆ ಕೊಡಿ" ಎಂದು ಕೇಳಿದರು. ನಾವು ಲಿಂಬೆಹಣ್ಣಿನ ಸವಾಲಿನಲ್ಲಿ ಚೀಲ ಎಣಿಸುವ ಒಬ್ಬ ಹಮಾಲನ ಕಥೆ ಕಳಿಸಿದೆವು. ಅದರಲ್ಲಿ ಒಬ್ಬರೂ ಸಾಯುವುದಿಲ್ಲ, ಒಂದು ಎಮ್ಮೆಯ ಹೊರತು. ಕಥೆ ಅಚ್ಚಾಗಿ ಬಂತು, ಜೊತೆಗೆ ಕಲಾವಿದರು ಬರೆದ ಚಿತ್ರ: ರುಮಾಲು ಸುತ್ತಿದ ದಪ್ಪ ಮೀಸೆಯವನು, ಕೈಯಲ್ಲಿ ಪಿಸ್ತೂಲು. ಪತ್ರಿಕೆಯನ್ನು ಇಂಡಿಯ ಮಾರ್ಕೆಟ್ಟಿಗೆ ಒಯ್ದು, ಆ ಹಮಾಲನ ಪಾತ್ರಕ್ಕೆ ಕಾರಣರಾದ ಕಾಕಾ ಅವರ ಮುಂದೆ ಓದಿದೆವು. ಅವರು ಬೀಡಿ ಆರಿಸಿ, ಕೊನೆಯವರೆಗೂ ಕೇಳಿದರು. ಚಿತ್ರವನ್ನು ಹತ್ತಿರ ಹಿಡಿದು ನೋಡಿದರು.

"ಕಥಿ ಚಲೋ ಐತಿ ತಮ್ಮಾ," ಎಂದರು. "ಆದ್ರ ಇಂವ ಗುಂಡ ಹೊಡ್ಯೂದು ಮುಂದಿನ ತಿಂಗಳ ಬರತೈತೇನು?"