ಹಿಟ್ಟು ಚೆಲ್ಲುವ ಹಂಚು

ನಾನು ಚಿತ್ರ ಬರೆಯುತ್ತೇನೆ ಎಂದರೆ ನಮ್ಮ ಎಸ್.ಎಸ್. ಬಡಾವಣೆಯಲ್ಲಿ ಯಾರೂ ಆಕ್ಷೇಪಿಸುವುದಿಲ್ಲ, ನಂಬುವುದೂ ಇಲ್ಲ. ಮೂವತ್ತೆರಡು ವರ್ಷ ಲೆಡ್ಜರಿನಲ್ಲಿ ಅಂಕಿ ತುಂಬಿದ ಕೈ ಇದು. ನಿವೃತ್ತನಾದ ಮರುವಾರವೇ ನಾಲ್ಕು ಪೆನ್ಸಿಲು, ಒಂದು ಮೆಂಡರು, ಒಂದು ರಬ್ಬರು, ಒಂದು ದಪ್ಪ ಹಾಳೆಯ ಪುಸ್ತಕ ತಂದುಕೊಂಡೆ. ಬೆಳಿಗ್ಗೆ ಓರಗೆಯವರು ಪಾರ್ಕಿನಲ್ಲಿ ಬೀಸುಗೈ ಹಾಕಿಕೊಂಡು ಸುತ್ತುವಾಗ ನಾನು ಕಲ್ಲುಬೆಂಚಿನ ಮೇಲೆ ಕೂತು ಮರದ ಬುಡ ಬರೆಯುತ್ತಿರುತ್ತೇನೆ. ಇದರಿಂದ ಸಕ್ಕರೆ ಕಾಯಿಲೆ ಇಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ.

ಮೆಂಡರನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಬ್ಲೇಡಿನಲ್ಲಿ ಪೆನ್ಸಿಲು ಹೆರೆಯುವ ಸುಖವೇ ಬೇರೆ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಬಿದ್ದು, ಸೀಸ ಅರ್ಧ ಇಂಚು ಹೊರಗೆ ಬಂದು ನಿಂತರೆ, ಮೊನೆಯಿಂದ ಕೂದಲಿನಂಥ ಗೆರೆಯೂ ಬರುತ್ತದೆ, ಮಲಗಿಸಿ ಎಳೆದರೆ ಬೆರಳಗಲದ ನೆರಳೂ ಬರುತ್ತದೆ. ಎಚ್‌ಬಿ ಪೆನ್ಸಿಲು ಗುಮಾಸ್ತನ ಹಾಗೆ, ಹೇಳಿದಷ್ಟು ಮಾಡುತ್ತದೆ. 2ಬಿ ಸ್ವಲ್ಪ ಮಾತುಗಾರ. 6ಬಿಯಂತೂ ಜಾತ್ರೆಗೆ ಬಂದ ನೆಂಟನಂತೆ. ಹಾಳೆ, ಅಂಗೈ, ಅಂಗಿಯ ತೋಳು, ಎಲ್ಲ ಕಡೆಯೂ ಅವನದೇ ಗುರುತು.

ಮೊದಲ ಆರು ತಿಂಗಳು ನಾನು ಬರೆದದ್ದನ್ನೆಲ್ಲ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. "ಸೂಪರ್ ಮಾವ", "ಅದ್ಭುತ ಅಣ್ಣಾ" ಅಂತ ಬರುತ್ತಿತ್ತು. ಹಸು ಬರೆದರೂ ಸೂಪರ್, ಆ ಹಸು ಕುದುರೆಯಂತೆ ಕಂಡರೂ ಸೂಪರ್. ಆ ಹೊಗಳಿಕೆಯಲ್ಲಿ ಹಾಯಾಗಿ ಈಜಾಡಿಕೊಂಡಿದ್ದವನನ್ನು ದಡಕ್ಕೆ ಎಳೆದವನು ಒಬ್ಬ ದೋಸೆ ಭಟ್ಟ.

ಬೆಣ್ಣೆದೋಸೆಗೆಂದು ಹೋಗಿದ್ದೆ. ದಾವಣಗೆರೆಯಲ್ಲಿ ದೋಸೆಗೆ ಕಾಯುವುದು ಊಟದಷ್ಟೇ ದೊಡ್ಡ ಕಾರ್ಯಕ್ರಮ. ಆ ಹೊತ್ತಿಗೆ ಪುಸ್ತಕ ತೆಗೆದೆ. ಸೌದೆ ಒಲೆ, ಮೇಲೆ ದೊಡ್ಡ ಹಂಚು, ಹಿಂದೆ ಬನಿಯನ್ ತೊಟ್ಟ ಭಟ್ಟ. ದೋಸೆ ತಂದಿಟ್ಟ ಹುಡುಗ ಪುಸ್ತಕವನ್ನು ಒಯ್ದು ಅವನಿಗೇ ತೋರಿಸಿಬಿಟ್ಟ. ಭಟ್ಟ ಸೌಟು ಹಿಡಿದುಕೊಂಡೇ ಬಗ್ಗಿ ನೋಡಿ ಹೇಳಿದ: "ನನ್ನನ್ನೇನೋ ಚೆನ್ನಾಗೇ ಬರ್ದೀರಿ ಸಾರ್. ಆದ್ರೆ ಈ ಹಂಚಿನ ಮೇಲೆ ದೋಸೆ ಹಾಕಿದ್ರೆ ಹಿಟ್ಟೆಲ್ಲ ನಿಮ್ಮ ತೊಡೆ ಮೇಲೆ ಬೀಳ್ತದೆ."

ಮನೆಗೆ ಬಂದು ನೋಡಿದೆ. ಒಲೆಯ ಕಟ್ಟೆಯನ್ನು ಪಕ್ಕದಿಂದ ಕಂಡಂತೆ ಬರೆದಿದ್ದೆ, ಹಂಚನ್ನು ಮಾತ್ರ ಚಾವಣಿಯಿಂದ ಕಂಡಂತೆ ದುಂಡಗೆ ಬರೆದಿದ್ದೆ. ಹಂಚು ದುಂಡಗಿದೆ ಎಂಬುದು ನನಗೆ ಗೊತ್ತಿತ್ತಲ್ಲ, ಅದೇ ತೊಂದರೆ. ಗೊತ್ತಿದ್ದುದನ್ನು ಬರೆದಿದ್ದೆ, ಕಂಡದ್ದನ್ನಲ್ಲ. ಕೂತವನ ಕಣ್ಣಿಗೆ ಅಷ್ಟು ದೊಡ್ಡ ಹಂಚೂ ಚಪ್ಪಟೆಯಾದ ಮಾವಿನೆಲೆಯಷ್ಟೇ ತೆರೆದಿರುತ್ತದೆ.

ಆಮೇಲೆ ಎರಡು ವಾರ ಲೋಟದ ಬಾಯಿಗಳೇ. ಮೇಜಿನ ಮೇಲೆ, ಕಿಟಕಿಯ ಮೇಲೆ, ಫ್ರಿಜ್ಜಿನ ಮೇಲೆ, ನೆಲದ ಮೇಲೆ ಒಂದೊಂದು ಲೋಟ ಇಟ್ಟು ಬರೆದೆ. ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇರುವ ಲೋಟದ ಬಾಯಿ ಬರೀ ಒಂದು ಗೆರೆ. ಅಲ್ಲಿಂದ ಕೆಳಕ್ಕಿಳಿದಷ್ಟೂ ತೆರೆಯುತ್ತಾ ಹೋಗಿ, ಕಾಲ ಬಳಿ ಇಟ್ಟದ್ದು ಹೆಚ್ಚುಕಡಿಮೆ ದುಂಡಗಾಗುತ್ತದೆ. "ಲೋಟನೆಲ್ಲ ಮೆರವಣಿಗೆಗೆ ನಿಲ್ಸಿದ್ರೆ ಕಾಫಿ ಯಾವುದ್ರಲ್ಲಿ ಕೊಡ್ಲಿ?" ಎಂದಳು ನಮ್ಮಾಕೆ. ನ್ಯಾಯವಾದ ಪ್ರಶ್ನೆ.

ಆ ಹಂಚು ಫಲ ಕೊಟ್ಟದ್ದು ಹರಿಹರದಲ್ಲಿ. ಇಲ್ಲಿಂದ ಹದಿನಾಲ್ಕು ಕಿಲೋಮೀಟರು, ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯ ದೂರ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಮಂಟಪದಲ್ಲಿ ತಿರುಗಣಿಯಲ್ಲಿ ಕಡೆದಂಥ ಕಂಬಗಳಿವೆ. ಬಳಪದ ಕಲ್ಲು, ಬಳೆ, ಗಂಟೆ, ತಟ್ಟೆ, ಮತ್ತೆ ಬಳೆ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಹಿಂದೆ ಮೂರು ಸಲ ಬರೆದು ಮೂರು ಸಲವೂ ಸೋತಿದ್ದೆ. ಕಂಬ ವಾಲುತ್ತಿತ್ತು, ಇಲ್ಲವೇ ಬೊಂಬಿನಂತೆ ಗಂಟುಗಂಟಾಗುತ್ತಿತ್ತು. ಈ ಸಲ ಜಗಲಿಯ ಮೇಲೆ ಕೂತು ಮೊದಲು ಹುಡುಕಿದ್ದು ಒಂದನ್ನೇ: ಗೆರೆಯಾಗಿ ಕಾಣುವ ಬಳೆ ಯಾವುದು? ಅದು ಸಿಕ್ಕಿತು. ಅದರ ಮೇಲಿನ ಬಳೆಗಳೆಲ್ಲ ಹುಬ್ಬಿನಂತೆ ಮೇಲಕ್ಕೆ ಬಾಗಿದ್ದವು, ಕೆಳಗಿನವು ನಗುವ ತುಟಿಯಂತೆ ಕೆಳಕ್ಕೆ. ಎಂಟುನೂರು ವರ್ಷದಿಂದ ಹಾಗೆಯೇ ನಿಂತಿದ್ದ ಕಂಬ ನನ್ನ ಪುಸ್ತಕದಲ್ಲಿ ಮೊದಲ ಬಾರಿ ನೆಟ್ಟಗೆ ನಿಂತಿತು. ಅವತ್ತು ಬಸ್ಸಿನಲ್ಲಿ ನಿದ್ದೆ ಬರಲಿಲ್ಲ.

ಅಹಂಕಾರ ಇಳಿಯುವುದಕ್ಕೆ ಒಂದು ವಾರವೂ ಬೇಕಾಗಲಿಲ್ಲ. ಮುಂದಿನ ಭಾನುವಾರ ಅದೇ ಜಗಲಿಯ ಮೇಲೆ ಕೂತು, ದರ್ಶನ ಮಾಡಿ ಬಂದ ದೇವರನ್ನು ನೆನಪಿನಿಂದ ಬರೆಯುತ್ತಿದ್ದೆ. ಹೂವಿನ ಬುಟ್ಟಿ ಹಿಡಿದ ಅಜ್ಜಿಯೊಬ್ಬರು ನಿಂತು ನೋಡಿ, "ಅಲ್ಲಪ್ಪಾ, ಶಿವನ್ನ ಯಾವ ಕಡೆಗೆ ಹಾಕಿದೀಯ?" ಎಂದರು. ಬಲಗಡೆಗೆ ಎಂದೆ. "ಅದು ನಿನ್ನ ಬಲ. ದೇವ್ರ ಬಲ ಆ ಕಡೆ ಐತಿ." ಹರಿಹರನ ಬಲ ಅರ್ಧ ಹರ, ಎಡ ಅರ್ಧ ಹರಿ, ಎದುರು ನಿಂತವನಿಗೆ ಅದು ತಿರುಗುಮುರುಗು. ಜಟೆಯನ್ನೂ ಕಿರೀಟವನ್ನೂ ಅಷ್ಟು ಮುತುವರ್ಜಿಯಿಂದ ಬರೆದು ದೇವರನ್ನೇ ಮಗುಚಿ ಹಾಕಿದ್ದೆ.

ಇಬ್ಬರಿಗೂ ಚಿತ್ರಕಲೆ ಗೊತ್ತಿರಲಿಲ್ಲ. ಒಬ್ಬನಿಗೆ ಹಂಚು ಗೊತ್ತಿತ್ತು, ಒಬ್ಬರಿಗೆ ದೇವರು ಗೊತ್ತಿತ್ತು. ಅಂದಿನಿಂದ ನಾನು ಬರೆದದ್ದನ್ನು ಆ ವಸ್ತುವಿನ ಜೊತೆ ಬಾಳುವವರಿಗೆ ಮೊದಲು ತೋರಿಸುತ್ತೇನೆ. ಮಂಡಕ್ಕಿ ಭಟ್ಟಿಗೂ ಹೋದೆ. ಕಾದ ಮರಳಿಗೆ ಅಕ್ಕಿ ಬಿದ್ದು ಚಟಪಟ ಅರಳಿ, ಜರಡಿಯಲ್ಲಿ ಮರಳು ಕೆಳಗಿಳಿದು ಬೆಳ್ಳಗೆ ರಾಶಿ ಏಳುವ ಆ ಜಾಗದಲ್ಲಿ ಹೊಗೆಯೇ ನೆರಳು, ಬೆಂಕಿಯೇ ಬೆಳಕು. ಹುರಿಯುವವನನ್ನು ಬರೆದು ತೋರಿಸಿದೆ. ಅವನು ಬೆವರು ಒರೆಸಿಕೊಂಡು, "ಇವ್ನು ಕೆಲಸ ಮಾಡ್ತಿಲ್ಲ ಸಾರ್, ಫೋಟೋಕ್ಕೆ ನಿಂತಾನೆ. ಭಾರ ಎಡಗಾಲ ಮೇಲೆ ಬರ್ಬೇಕು. ಹಿಂಗೆ ನಿಂತ್ರೆ ಸಂಜೆಗೆ ಸೊಂಟ ಇರಂಗಿಲ್ಲ" ಎಂದ. ಗಂಟಲ ಗುಳಿಯಿಂದ ಒಂದು ತೂಕದ ದಾರ ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಬಳಿ ಬೀಳಬೇಕು ಎಂದು ಚಿತ್ರಶಾಲೆಗಳಲ್ಲಿ ಕಲಿಸುತ್ತಾರೆ. ಭಟ್ಟಿಯವನು ಅದನ್ನು ಸೊಂಟದಿಂದ ಕಲಿತಿದ್ದ.

ಅವತ್ತು ರಾತ್ರಿ ಬೀರುವಿನ ಕನ್ನಡಿಯ ಮುಂದೆ ಪೊರಕೆ ಹಿಡಿದು ಮಂಡಕ್ಕಿ ಹುರಿಯುವ ಭಂಗಿಯಲ್ಲಿ ನಿಂತಿದ್ದಾಗ ನಮ್ಮಾಕೆ ಬಾಗಿಲು ತೆರೆದಳು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ನರ್ತಕಿಯರ ಗೆರೆಯಲ್ಲಿ ಲಯ ಹಿಡಿಯಬೇಕೆಂದು ತಾವೇ ಕಥಕ್ ಕಲಿತಿದ್ದರು ಎಂದು ವಿವರಿಸಿದೆ. "ಅವ್ರು ಪೊರಕೆ ಹಿಡ್ಕೊಂಡಿದ್ರಾ?" ಎಂದು ಕೇಳಿ ಹೊರಟುಹೋದಳು.

ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ, ನಿಮ್ಮಲ್ಲಿ ಸೇರಿಸಿಕೊಳ್ಳುವಷ್ಟು ಪ್ರತಿಭೆ ಇಲ್ಲ ಎಂಬರ್ಥದ ಉತ್ತರ ಬರೆದಿತ್ತು. ಈ ಕಥೆಯನ್ನು ಎಲ್ಲರೂ ಶಾಲೆಯನ್ನು ನಗೆಪಾಟಲು ಮಾಡಲು ಹೇಳುತ್ತಾರೆ. ನನಗೆ ಕಾಣುವುದು ಇನ್ನೊಂದು: ಆ ಉತ್ತರವೂ ನಮ್ಮ ವಾಟ್ಸಾಪಿನ "ಸೂಪರ್" ಕೂಡ ಒಂದೇ ಜಾತಿಯವು. ಎರಡೂ ಬರೆದವನ ಬಗ್ಗೆ ಮಾತಾಡುತ್ತವೆ. ಕಾಗೆಯ ಕೊಕ್ಕು ಎಲ್ಲಿ ತಪ್ಪಿತು ಎಂದು ಹೇಳುವುದಿಲ್ಲ.

ಕಲಿತವರ ಮಾತು ಬೇಡವೆಂದಲ್ಲ. ನಮ್ಮೂರಲ್ಲಿ 1964ರಲ್ಲೇ ಶುರುವಾದ ಚಿತ್ರಕಲಾ ಶಾಲೆ ಇದೆ, ಈಗ ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ಹುಡುಗನಾಗಿದ್ದಾಗ ಅದರ ಗೇಟಿನ ತನಕ ಹೋಗಿ, ಅಪ್ಪನ ಮಾತಿಗೆ ಬಿ.ಕಾಂ. ಸೇರಿದವನು ನಾನು. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದ್ದ ಹಮಾಲಿಯನ್ನು ಬರೆಯುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಬರೆದೆ. ಕಾಲು ಗಂಟೆಯಲ್ಲಿ ಆಕೆ ಆರು ಚಿತ್ರ ಮುಗಿಸಿದಳು, ನಾನು ಒಂದು ಕಿವಿ. "ಅಂಕಲ್, ಆ ರಬ್ಬರ್ ಕೊಡಿ" ಎಂದಳು. ಕೊಟ್ಟೆ. ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡು ಒಂದು ಬಾಲ್‌ಪೆನ್ ಕೊಟ್ಟಳು. "ತಪ್ಪು ಗೆರೆ ಇರ್ಲಿ. ಪಕ್ಕದಲ್ಲೇ ಸರಿ ಗೆರೆ ಎಳೀರಿ."

ಇದು ನನಗೆ ಹೊಸದಲ್ಲ ಎಂದು ಹೊಳೆದದ್ದು ಮನೆಗೆ ಬಂದ ಮೇಲೆ. ಲೆಡ್ಜರಿನಲ್ಲಿಯೂ ಅಳಿಸುವಂತಿರಲಿಲ್ಲ. ತಪ್ಪು ಅಂಕಿಯ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಸಣ್ಣ ಸಹಿ ಹಾಕಬೇಕು. ಮೂವತ್ತೆರಡು ವರ್ಷ ಅದನ್ನೇ ಮಾಡಿದವನು, ಪೆನ್ಸಿಲು ಹಿಡಿದ ಕೂಡಲೇ ಅಳಿಸುವುದನ್ನು ಕಲಿತಿದ್ದೆ. ಈಗ ನನ್ನ ಹಾಳೆಗಳಲ್ಲಿ ಒಬ್ಬೊಬ್ಬ ಮನುಷ್ಯನಿಗೂ ಮೂರು ಮೂರು ಭುಜ, ಕೆಳಗೆ ತಾರೀಖು, ಯಾರು ಏನು ಹೇಳಿದರು ಎಂಬ ಒಂದು ಸಾಲು. ಹನ್ನೊಂದನೇ ಪುಸ್ತಕ ನಡೆಯುತ್ತಿದೆ. ಕೈಗಳು ಇನ್ನೂ ಬಾಳೆಗೊನೆಯಂತೆಯೇ ಬರುತ್ತವೆ.

ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹರಿಹರದ ಮಂಟಪದ ಜಗಲಿಯ ಮೇಲೆ, ತೋಳಿಗೆ ಮಸಿ ಬಳಿದುಕೊಂಡ ಮುದುಕನೊಬ್ಬ ಕಂಡರೆ ಹೆಗಲ ಮೇಲಿಂದ ಧಾರಾಳವಾಗಿ ಇಣುಕಿ. ಚೆನ್ನಾಗಿದೆ ಎನ್ನಬೇಡಿ. ಹಿಟ್ಟು ಎಲ್ಲಿ ಚೆಲ್ಲುತ್ತಿದೆ, ಅಷ್ಟು ಹೇಳಿ ಹೋಗಿ.